ಲ್ಯಾಪ್‌ಟಾಪ್ ಕಾಯ್ತಿದೆಯಾ? ಸ್ಕ್ರೂ ಬಿಚ್ಚುವ ಮುಂಚೆ ಅಂಗೈ ಹಿಡಿದು ನೋಡಿ

ಬ್ಯಾಡಗಿಯಲ್ಲಿ ನಮ್ಮ ಅಕ್ಕನ ಗಂಡನಿಗೆ ಮೆಣಸಿನಕಾಯಿ ದಲಾಲಿ ಅಂಗಡಿ ಇದೆ. ಹೋದ ಮಾರ್ಚ್‌ನಲ್ಲಿ ಒಂದು ಸೋಮವಾರ, ಟೆಂಡರ್ ಮುಗಿದು ರೈತರಿಗೆ ಪಟ್ಟಿ ಕೊಡುವ ಗದ್ದಲದ ಹೊತ್ತಿನಲ್ಲೇ ಅವರ ಲ್ಯಾಪ್‌ಟಾಪ್ ತಾನಾಗೇ ಬಂದ್ ಆಯಿತು. ಚಾಲೂ ಮಾಡಿದರೆ ಹತ್ತು ನಿಮಿಷಕ್ಕೆ ಮತ್ತೆ ಬಂದ್. ಮಾಮಾ ಫೋನ್ ಮಾಡಿದರು.

"ತಮ್ಮಾ, ಇದರ ಮ್ಯಾಲೆ ಹಪ್ಪಳ ಸುಡಬಹುದು ನೋಡ, ಅಷ್ಟು ಕಾದೈತಿ. ಬಾಜೂ ಅಂಗಡಿ ಹುಡುಗ ಬಿಚ್ಚಿ ಊದತೀನಿ ಅಂತಾನ. ಕೊಡಲೇನು?"

"ಬ್ಯಾಡ್ರಿ ಮಾಮಾ, ನಾ ಬರತೀನಿ ತಡೀರಿ" ಅಂದೆ.

ಆ ಲ್ಯಾಪ್‌ಟಾಪಿಗೆ ಮೂರು ವರ್ಷದ ವಾರಂಟಿ, ಇನ್ನೂ ಹನ್ನೊಂದು ತಿಂಗಳು ಬಾಕಿ ಇತ್ತು. ಅದೇ ತಿಂಗಳು ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಯಲ್ಲಿ ನನ್ನ ಐದು ವರ್ಷದ ಹಳೆ ಲ್ಯಾಪ್‌ಟಾಪೂ ಕಾಯುತ್ತಿತ್ತು. ನನ್ನದನ್ನು ನಾನೇ ಬಿಚ್ಚಿದೆ. ಮಾಮಾನದಕ್ಕೆ ಒಂದು ಸ್ಕ್ರೂ ಕೂಡ ಮುಟ್ಟಲಿಲ್ಲ. ಎರಡರದ್ದೂ ಹೊರಗಿನಿಂದ ಒಂದೇ ರೋಗ, ಒಳಗೆ ಬೇರೆ ಬೇರೆ. ಅದನ್ನು ಬಿಚ್ಚದೇ ಕಂಡುಹಿಡಿಯುವುದು ಹೇಗೆ ಅನ್ನೋದೇ ಇಲ್ಲಿ ಮುಖ್ಯ.

ಎಷ್ಟು ಕಾದರೆ ಜಾಸ್ತಿ?

ಕೈಗೆ ಬಿಸಿ ಅನ್ನಿಸಿದ ಮಾತ್ರಕ್ಕೆ ದೋಷ ಅಂತಲ್ಲ. ಒಳಗಿನ ಪ್ರೊಸೆಸರ್ (ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್, ಸಿಪಿಯು ಅಂತಲೂ ಹೇಳುತ್ತಾರೆ) ಎಷ್ಟು ಡಿಗ್ರಿ ಇದೆ ಅಂತ ನೋಡಬೇಕು. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೋ ಅಥವಾ ಕೋರ್ ಟೆಂಪ್, ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಹಾಕಿಕೊಳ್ಳಿ, ಎಲ್ಲವೂ ಪುಕ್ಕಟೆ. ಏನೂ ಕೆಲಸ ಕೊಡದೆ ಹತ್ತು ನಿಮಿಷ ಬಿಟ್ಟರೆ 40ರಿಂದ 55 ಡಿಗ್ರಿ ಇರಬೇಕು. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಕೋಣೆಯೇ 37–38 ಇರುವಾಗ 60 ಆದರೂ ಗಾಬರಿ ಬೇಡ. ಭಾರಿ ಕೆಲಸದಲ್ಲಿ 80–90 ಕಂಡರೆ ಇವತ್ತಿನ ತೆಳ್ಳನೆ ಲ್ಯಾಪ್‌ಟಾಪ್‌ಗಳಿಗೆ ಅದು ಮಾಮೂಲು. ಬಹಳಷ್ಟು ಪ್ರೊಸೆಸರ್‌ಗಳ ಮಿತಿ 95ರಿಂದ 105 ಡಿಗ್ರಿ. ಆ ಮಿತಿ ಮುಟ್ಟಿದರೆ ಮೊದಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅಷ್ಟಕ್ಕೂ ತಗ್ಗದಿದ್ದರೆ ಬಂದ್ ಆಗುತ್ತದೆ. ಅಂದರೆ ಬಂದ್ ಆಗುವುದು ಯಂತ್ರ ತನ್ನನ್ನು ಉಳಿಸಿಕೊಳ್ಳುವ ದಾರಿ.

ಒಂದು ವೇಳೆ 60 ಡಿಗ್ರಿಯಲ್ಲೇ ಬಂದ್ ಆಗುತ್ತಿದ್ದರೆ ಅದು ಬಹುತೇಕ ಕಾವಿನ ರೋಗ ಅಲ್ಲ. ಚಾರ್ಜರ್ ಅಥವಾ ಬ್ಯಾಟರಿ ನೋಡಿ.

ಅಂಗೈ ಪರೀಕ್ಷೆ

ಲ್ಯಾಪ್‌ಟಾಪಿನೊಳಗೆ ಕಾವು ಹೊರಗೆ ಹೋಗುವ ದಾರಿ ಹೀಗಿದೆ. ಪ್ರೊಸೆಸರ್ ಮೇಲೆ ಕಾವು ದಾಟಿಸುವ ಪೇಸ್ಟ್, ಅದರ ಮೇಲೆ ತಾಮ್ರದ ತಗಡು, ಅಲ್ಲಿಂದ ತಾಮ್ರದ ಕೊಳವೆ, ಕೊಳವೆಯ ತುದಿಗೆ ಬಾಚಣಿಗೆ ಹಲ್ಲಿನ ಹಾಗೆ ತೆಳು ಲೋಹದ ಎಲೆಗಳು. ಫ್ಯಾನ್ ಆ ಎಲೆಗಳ ನಡುವಿನಿಂದ ಗಾಳಿ ಊದುತ್ತದೆ. ಈ ದಾರಿಯಲ್ಲಿ ಎಲ್ಲಿ ಕಟ್ಟಿದೆ ಅಂತ ಕಂಡುಹಿಡಿಯಲು ನಿಮ್ಮ ಅಂಗೈ ಸಾಕು.

ಹತ್ತು ನಿಮಿಷ ಭಾರಿ ಕೆಲಸ ಕೊಡಿ. ನಾಲ್ಕೈದು ದೊಡ್ಡ ವಿಡಿಯೋ ಒಟ್ಟಿಗೆ ಹಚ್ಚಿದರೂ ಆದೀತು. ಆಮೇಲೆ ಗಾಳಿ ಹೊರಗೆ ಬರುವ ಕಿಂಡಿಗೆ ಅಂಗೈ ಹಿಡಿಯಿರಿ, ಪರದೆಯ ಮೇಲೆ ಡಿಗ್ರಿ ನೋಡುತ್ತಿರಿ.

ಗಾಳಿ ಜೋರಾಗಿದೆ, ಬಿಸಿಯಾಗಿಯೂ ಇದೆ ಅಂದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ. ಕೆಲಸವೇ ಜಾಸ್ತಿ ಆಗಿದೆ, ಅಥವಾ ಲ್ಯಾಪ್‌ಟಾಪ್ ಹಾಸಿಗೆ ಮೇಲೆ ಇದೆ. ಗಾಳಿ ತೆಳ್ಳಗೆ ಬರುತ್ತಿದೆ, ಬಂದಷ್ಟು ಕೆಂಡದಂತೆ ಸುಡುತ್ತಿದೆ ಅಂದರೆ ದಾರಿಯಲ್ಲಿ ಧೂಳು, ಅಥವಾ ಫ್ಯಾನ್ ಸೋತಿದೆ. ಗಾಳಿ ಜೋರಾಗಿದೆ ಆದರೆ ತಣ್ಣಗಿದೆ, ಒಳಗೆ ಮಾತ್ರ 97 ಡಿಗ್ರಿ ಅಂತ ತೋರಿಸುತ್ತಿದೆ ಅಂದರೆ ಕಾವು ಆ ಎಲೆಗಳ ತನಕ ಬರುತ್ತಲೇ ಇಲ್ಲ. ಪೇಸ್ಟ್ ಒಣಗಿದೆ, ಇಲ್ಲವೇ ತಗಡು ಸರಿಯಾಗಿ ಕೂತಿಲ್ಲ, ಅಪರೂಪಕ್ಕೆ ಕೊಳವೆಯೇ ಕೆಟ್ಟಿದೆ.

ಮಾಮಾನದು ಎರಡನೆಯ ಥರ, ನನ್ನದು ಮೂರನೆಯ ಥರ.

ಇದನ್ನು ಇನ್ನೊಂದು ಕಡೆಯಿಂದಲೂ ಪಕ್ಕಾ ಮಾಡಿಕೊಳ್ಳಬಹುದು. ಧೂಳಿನ ರೋಗದಲ್ಲಿ ಡಿಗ್ರಿ ಮೆಲ್ಲಗೆ ಏರುತ್ತದೆ. ಎಂಟು ಹತ್ತು ನಿಮಿಷ ಬೇಕು. ಕೆಲಸ ನಿಲ್ಲಿಸಿದ ಮೇಲೂ ಬೇಗ ಇಳಿಯುವುದಿಲ್ಲ, ಇಡೀ ತಾಮ್ರವೇ ಕಾದಿರುತ್ತದೆ. ಪೇಸ್ಟಿನ ರೋಗದಲ್ಲಿ ಕೆಲವೇ ಸೆಕೆಂಡಿಗೆ 95ಕ್ಕೆ ಹಾರುತ್ತದೆ, ಕೆಲಸ ನಿಲ್ಲಿಸಿದ ತಕ್ಷಣ ಧಡ್ ಅಂತ ಇಳಿಯುತ್ತದೆ. ಆದರೆ ಒಂದು ಮಾತು: ಹೊಸ ಪ್ರೊಸೆಸರ್‌ಗಳು ಆರಾಮಾಗಿದ್ದರೂ ಮೊದಲ ಅರ್ಧ ನಿಮಿಷ ಟರ್ಬೊದಲ್ಲಿ, ಅಂದರೆ ಮಾಮೂಲಿಗಿಂತ ಜೋರಾಗಿ ಓಡುವಾಗ, ಹಾಗೆ ಹಾರುತ್ತವೆ. ಅದಕ್ಕೇ ಡಿಗ್ರಿಯ ಪಕ್ಕದಲ್ಲಿ ಎಷ್ಟು ವ್ಯಾಟ್ ತಿನ್ನುತ್ತಿದೆ ಅಂತಲೂ ನೋಡಬೇಕು. ಎಚ್‌ಡಬ್ಲ್ಯುಇನ್ಫೋದಲ್ಲಿ ಸಿಪಿಯು ಪ್ಯಾಕೇಜ್ ಪವರ್ ಅಂತ ಸಾಲು ಇದೆ. 40 ವ್ಯಾಟ್‌ನಲ್ಲಿ 95 ಡಿಗ್ರಿ ಆದರೆ ಒಪ್ಪೋಣ. ನನ್ನ ಲ್ಯಾಪ್‌ಟಾಪ್ 15 ವ್ಯಾಟಿನ ಪ್ರೊಸೆಸರ್‌ನದು, 9 ವ್ಯಾಟ್‌ಗೇ 96 ಮುಟ್ಟುತ್ತಿತ್ತು. ಇದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತಪ್ಪು ಯಂತ್ರದ್ದಲ್ಲದೇ ಇರಬಹುದು

ಏನೂ ಮಾಡದೆ ಇರುವಾಗಲೂ ಫ್ಯಾನ್ ಕೂಗುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ಶೇಕಡಾ ಎಷ್ಟು ಅಂತ ನೋಡಿ. 30–40 ಇದ್ದರೆ ಯಾವುದೋ ಪ್ರೋಗ್ರಾಂ ಒಳಗೊಳಗೇ ಓಡುತ್ತಿದೆ: ಅಪ್‌ಡೇಟ್, ಆಂಟಿವೈರಸ್ ಸ್ಕ್ಯಾನ್, ಬ್ರೌಸರಿನ ಅರವತ್ತು ಟ್ಯಾಬ್. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿದ್ದರೆ ಅದರ ಜೊತೆ ಬಂದ ಕ್ರಿಪ್ಟೊ ಮೈನರ್, ಅಂದರೆ ನಿಮ್ಮ ಯಂತ್ರದಲ್ಲಿ ಕದ್ದು ಡಿಜಿಟಲ್ ನಾಣ್ಯ ಗಳಿಸುವ ಪ್ರೋಗ್ರಾಂ ಕೂಡ ಇರಬಹುದು. ಶೇಕಡಾ 3 ಇದ್ದೂ 80 ಡಿಗ್ರಿ ಇದ್ದರೆ ಮಾತ್ರ ಯಂತ್ರದ ಕಡೆ ತಿರುಗಿ.

ಬ್ಯಾಗಿನಲ್ಲಿ ಕಾಯುವ ರೋಗ ಬೇರೆಯದು. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬಂದು ಹುಬ್ಬಳ್ಳಿಯಲ್ಲಿ ಇಳಿದಾಗ ಬೆನ್ನಿಗೆ ಬಿಸಿ ತಾಗುತ್ತದಲ್ಲ, ಅದು. ಮುಚ್ಚಳ ಮುಚ್ಚಿದರೆ ಈಗಿನ ಬಹಳ ಲ್ಯಾಪ್‌ಟಾಪ್‌ಗಳು ಪೂರ್ತಿ ಮಲಗುವುದಿಲ್ಲ, ಫೋನಿನ ಹಾಗೆ ಅರೆನಿದ್ದೆಯಲ್ಲಿ ಇರುತ್ತವೆ. ಬ್ಯಾಗಿಗೆ ಹಾಕುವ ಮುಂಚೆ ಶಟ್‌ಡೌನ್ ಅಥವಾ ಹೈಬರ್ನೇಟ್ ಮಾಡಿ, ಮುಗೀತು.

ತಾತ್ಕಾಲಿಕ ಉಪಾಯ ಒಂದಿದೆ. ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇದ್ದದ್ದನ್ನು 99 ಮಾಡಿದರೆ ಬಹಳಷ್ಟು ಯಂತ್ರಗಳಲ್ಲಿ ಟರ್ಬೊ ಬಂದ್ ಆಗುತ್ತದೆ, ಡಿಗ್ರಿ ಚೆನ್ನಾಗಿ ಇಳಿಯುತ್ತದೆ. ಕೆಲವು ಹೊಸ ಯಂತ್ರಗಳಲ್ಲಿ ಈ ಸಾಲು ಕಾಣುವುದಿಲ್ಲ, ಅಲ್ಲಿ ಪವರ್ ಮೋಡ್ ತಗ್ಗಿಸಿ. ಮಾಮಾನ ಅಂಗಡಿಯಲ್ಲಿ ಅವತ್ತಿನ ಪಟ್ಟಿ ಎಲ್ಲ ಮುಗಿದದ್ದು ಈ ಒಂದು ಅಂಕಿಯಿಂದ. ಬಿಲ್ ಮಾಡೋದಕ್ಕೆ ಟರ್ಬೊ ಯಾಕೆ ಬೇಕು?

ಬ್ಯಾಡಗಿ ಧೂಳು

ಮಾಮಾನ ಲ್ಯಾಪ್‌ಟಾಪಿನ ಕಿಂಡಿಗೆ ಟಾರ್ಚ್ ಹಿಡಿದರೆ ಒಳಗೆ ಕೆಂಪಗೆ ಕಾಣುತ್ತಿತ್ತು. ನಮ್ಮ ಮನೆಯ ಧೂಳು ಬೂದು ಬಣ್ಣದ ಹತ್ತಿಯ ಹಾಗೆ, ಎಳೆದರೆ ಬರುತ್ತದೆ. ಇದು ಹಾಗಲ್ಲ. ಬ್ಯಾಡಗಿ ಕಾಯಿಯ ಬಣ್ಣವೇ ಅದರ ಎಣ್ಣೆಯಲ್ಲಿರೋದು. ಆ ಜಿಡ್ಡಿನ ಪುಡಿ, ಚೀಲದ ಸೆಣಬಿನ ಎಳೆ ಎರಡೂ ಸೇರಿ ಫ್ಯಾನಿಗೂ ಎಲೆಗಳಿಗೂ ನಡುವೆ ಕಂಬಳಿ ಹಾಸಿದಂತೆ ಕೂತಿತ್ತು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಅಂತ ಹೇಳುವವರು ಆ ಕಿಂಡಿಗೆ ಮುಖ ಕೊಟ್ಟು ಒಮ್ಮೆ ಉಸಿರು ಎಳೆಯಬೇಕು. ನಾನು ಎಳೆದೆ. ಐದು ನಿಮಿಷ ಸೀನಿದೆ.

ಕಂಬಳಿ ಕೂರುವುದು ಎಲೆಗಳ ಒಳಮಗ್ಗುಲಿಗೆ, ಇದನ್ನು ಗಮನಿಸಿ. ಹೊರಗಿನಿಂದ ಊದಿದರೆ ಅದು ಫ್ಯಾನಿನೊಳಗೆ ಹಿಂದಕ್ಕೆ ಬೀಳುತ್ತದೆ, ಚಾಲೂ ಮಾಡಿದ ಕೂಡಲೇ ಮತ್ತೆ ಬಂದು ಅಲ್ಲೇ ಅಂಟುತ್ತದೆ. ಎರಡು ದಿನ ಆರಾಮ, ಮೂರನೇ ದಿನ ಮತ್ತೆ ಅದೇ ಹಾಡು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಸುವವರೂ ಇದ್ದಾರೆ. ಆ ಟ್ಯಾಂಕಿನಲ್ಲಿ ನೀರಿನ ಹನಿ ಇರುತ್ತದೆ. ಫ್ಯಾನ್ ತನ್ನ ತಾಕತ್ತು ಮೀರಿ ತಿರುಗಿ ಬೇರಿಂಗ್ ಹೋಗುತ್ತದೆ. ಊದಲೇಬೇಕೆಂದರೆ ಯಂತ್ರ ಬಂದ್ ಮಾಡಿ, ಫ್ಯಾನ್ ತಿರುಗದಂತೆ ಹಲ್ಲುಕಡ್ಡಿ ಸಿಕ್ಕಿಸಿ, ಮೆಲ್ಲಗೆ ಬಿಟ್ಟು ಬಿಟ್ಟು ಊದಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಹತ್ತಿರ ತರಬೇಡಿ, ಅದರ ಸ್ಥಾಯಿ ವಿದ್ಯುತ್ತಿಗೆ ಬೋರ್ಡಿನ ಚಿಪ್ ಸಾಯಬಹುದು.

ಇಲ್ಲಿ ಬಿಚ್ಚೋಣ ಅನ್ನಿಸುತ್ತದೆ. ಹತ್ತು ಸ್ಕ್ರೂ, ಒಂದು ಬ್ರಷ್, ಅರ್ಧ ಗಂಟೆ ಕೆಲಸ. ಆದರೆ ವಾರಂಟಿ ಇದ್ದಾಗ ನಾನು ಮೊದಲು ಕಂಪನಿಯದೇ ಪರೀಕ್ಷೆ ಓಡಿಸುತ್ತೇನೆ. ಡೆಲ್‌ನಲ್ಲಿ ಚಾಲೂ ಮಾಡುವಾಗ ಎಫ್12 ಒತ್ತಿದರೆ ಬರುವ ಪಟ್ಟಿಯಲ್ಲಿ ಡಯಾಗ್ನೋಸ್ಟಿಕ್ಸ್ ಇರುತ್ತದೆ, ಎಚ್‌ಪಿಯಲ್ಲಿ ಎಫ್2. ಬೇರೆಯವೂ ಹೀಗೇ ಏನೋ ಒಂದು ಇಟ್ಟಿರುತ್ತವೆ. ಮಾಮಾನದರಲ್ಲಿ ಓಡಿಸಿದೆ. ಫ್ಯಾನ್ ಪರೀಕ್ಷೆಯಲ್ಲಿ ಫೇಲ್ ಅಂತ ಬಂತು, ಜೊತೆಗೆ ಒಂದು ಉದ್ದನೆಯ ಕೋಡ್. ಧೂಳಿನ ಜೊತೆ ಫ್ಯಾನೂ ಹೋಗಿತ್ತು. ಪರದೆಯ ಫೋಟೊ ತೆಗೆದುಕೊಂಡೆ. ಆ ಫೋಟೊ ಮುಂದೆ ಬಹಳ ಕೆಲಸಕ್ಕೆ ಬಂತು.

ಸ್ಟಿಕ್ಕರ್ ಜಗಳ

ಸರ್ವಿಸ್ ಸೆಂಟರಿಗೆ ಒಯ್ದೆವು. ಕೌಂಟರಿನ ಹುಡುಗ ಲ್ಯಾಪ್‌ಟಾಪ್ ಮಗುಚಿ ಹಾಕಿ ನೋಡಿದ. ಒಂದು ಸ್ಕ್ರೂ ಮೇಲಿನ ಕಾಗದದ ಸ್ಟಿಕ್ಕರ್ ಹರಿದಿತ್ತು. "ಸರ್, ಇದು ಓಪನ್ ಆಗೇತಿ. ವಾರಂಟಿ ಹೋತ್ರಿ."

ಮಾಮಾ ನನ್ನ ಮುಖ ನೋಡಿದರು. ಆಮೇಲೆ ನೆನಪಾಯಿತು, ಎಂಟು ತಿಂಗಳ ಹಿಂದೆ ಬಾಜೂ ಅಂಗಡಿಯಲ್ಲೇ ರ‍್ಯಾಮ್ ಹಾಕಿಸಿದ್ದರು.

ಇಂಥ ಹೊತ್ತಿನಲ್ಲಿ ದನಿ ಏರಿಸಿದರೆ ಉಪಯೋಗವಿಲ್ಲ. ಎರಡು ಕೆಲಸ ಮಾಡಿದೆ. ಮೊದಲನೆಯದು, ಆ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್ ಕಂಪನಿಯ ವೆಬ್‌ಸೈಟಿನಿಂದಲೇ ಫೋನಿಗೆ ಇಳಿಸಿದೆ. ಡೆಲ್, ಎಚ್‌ಪಿ, ಲೆನೊವೊ ಮೂರೂ ಕಂಪನಿಗಳು ಬಹಳಷ್ಟು ಮಾಡೆಲ್‌ಗಳಿಗೆ ಇದನ್ನು ಪುಕ್ಕಟೆ ಇಟ್ಟಿವೆ. ಅದರಲ್ಲಿ ಯಾವ ಭಾಗವನ್ನು ಗ್ರಾಹಕರೇ ಬದಲಿಸಬಹುದು, ಯಾವುದನ್ನು ತರಬೇತಿ ಆದವರು ಮಾತ್ರ ಮುಟ್ಟಬೇಕು ಅಂತ ಬೇರೆ ಬೇರೆ ಬರೆದಿರುತ್ತದೆ. ರ‍್ಯಾಮ್ ಗ್ರಾಹಕರ ಪಟ್ಟಿಯಲ್ಲಿತ್ತು, ಹಿಂದಿನ ಮುಚ್ಚಳ ಹೇಗೆ ತೆಗೆಯಬೇಕು ಅಂತ ಚಿತ್ರ ಸಮೇತ. ಕಂಪನಿಯೇ ಬಿಚ್ಚಲು ಹೇಳಿಕೊಟ್ಟಿದ್ದನ್ನು ಬಿಚ್ಚಿದರೆ ತಪ್ಪು ಹೇಗಾಗುತ್ತದೆ? ಎರಡನೆಯದು, ಯಾವ ಷರತ್ತಿನ ಪ್ರಕಾರ ವಾರಂಟಿ ರದ್ದು ಅಂತ ಇಮೇಲ್‌ನಲ್ಲಿ ಬರೆದು ಕೊಡಿ ಅಂತ ಕೇಳಿದೆ. ಬಾಯಲ್ಲಿ ಹೇಳುವುದು ಸುಲಭ, ಬರೆದು ಕೊಡುವುದು ಕಷ್ಟ. ಮರುದಿನ ಮಧ್ಯಾಹ್ನ ಫೋನ್ ಬಂತು: ಫ್ಯಾನ್ ವಾರಂಟಿಯಲ್ಲಿ ಹಾಕಿಕೊಡುತ್ತೇವೆ, ಧೂಳು ತೆಗೆಯುವುದಕ್ಕೆ ಮಾತ್ರ ಚಾರ್ಜ್ ಆಗುತ್ತದೆ.

ಧೂಳಿನ ಚಾರ್ಜಿಗೆ ನಾನು ತಕರಾರು ಮಾಡಲಿಲ್ಲ. ವಾರಂಟಿ ಇರೋದು ತಯಾರಿಕೆಯ ದೋಷಕ್ಕೆ. ಧೂಳು, ನೀರು, ಕೆಳಗೆ ಬೀಳಿಸಿದ್ದು ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ನಾವೇ ಬಿಚ್ಚಿ ಬ್ರಷ್ ಆಡಿಸಿದ್ದರೆ ಧೂಳಿನ ದುಡ್ಡು ಉಳಿಯುತ್ತಿತ್ತು. ಆದರೆ ಫ್ಯಾನ್ ಹೋದದ್ದು ನಿಮ್ಮ ಬ್ರಷ್ಷಿನಿಂದಲೇ ಅಂತ ಅವರು ಹೇಳಿದ್ದರೆ ನಮ್ಮ ಹತ್ತಿರ ಉತ್ತರ ಇರುತ್ತಿರಲಿಲ್ಲ.

ವಾರಂಟಿ ಕಾಗದ ಓದುವಾಗ ಒಂದು ವ್ಯತ್ಯಾಸ ಹುಡುಕಿ. ಅನಧಿಕೃತ ದುರಸ್ತಿಯಿಂದ ಆದ ಹಾನಿಗೆ ವಾರಂಟಿ ಇಲ್ಲ ಅನ್ನುವುದು ಒಂದು. ಬಿಚ್ಚಿದರೆ ಇಡೀ ವಾರಂಟಿಯೇ ರದ್ದು ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ನೀವು ರ‍್ಯಾಮ್ ಹಾಕಿಸಿದ್ದಕ್ಕೂ ಪರದೆ ಕೆಟ್ಟಿದ್ದಕ್ಕೂ ಸಂಬಂಧ ಇಲ್ಲ ಅಂತ ವಾದ ಮಾಡಲು ಜಾಗ ಇದೆ. ಎರಡನೆಯದಿದ್ದರೆ ಸ್ಕ್ರೂಡ್ರೈವರ್ ದೂರ ಇಡಿ.

ಯೂಟ್ಯೂಬಿನಲ್ಲಿ ಅಮೆರಿಕದವರು ಆ ಸ್ಟಿಕ್ಕರಿಗೆ ಕಾನೂನಿನ ಬಲ ಇಲ್ಲ ಅಂತ ಧೈರ್ಯವಾಗಿ ಕಿತ್ತು ಹಾಕುತ್ತಾರೆ. ಅಲ್ಲಿ ಅದಕ್ಕೆ 1975ರ ವಾರಂಟಿ ಕಾಯ್ದೆ ಇದೆ, 2018ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಕಂಪನಿಗಳಿಗೆ ಎಚ್ಚರಿಕೆ ಪತ್ರವನ್ನೂ ಕಳಿಸಿತ್ತು. ಅದು ಅವರ ಊರಿನ ಕಾನೂನು. ನಮ್ಮಲ್ಲಿ ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ರೈಟ್ ಟು ರಿಪೇರ್ (ದುರಸ್ತಿಯ ಹಕ್ಕು) ಪೋರ್ಟಲ್ ತೆರೆದಿದೆ, ಆದರೆ ಪೋರ್ಟಲ್ ಬೇರೆ, ಕಾಯ್ದೆ ಬೇರೆ. ಜಗಳ ಬಗೆಹರಿಯದಿದ್ದರೆ ನಮಗಿರುವ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ನೀವು ಇರುವ ಜಿಲ್ಲೆಯಲ್ಲೇ ಹಾಕಬಹುದು, ಅಂದರೆ ಮಾಮಾ ಹಾವೇರಿಯಲ್ಲಿ, ನಾನು ಧಾರವಾಡದಲ್ಲಿ. ವಸ್ತುವಿಗೆ ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಬಿಲ್, ಜಾಬ್ ಶೀಟ್ (ಸರ್ವಿಸ್ ಸೆಂಟರ್ ಕೊಡುವ ಚೀಟಿ), ಇಮೇಲ್, ಫೋಟೊ ಇದ್ದರೆ ಮಾತ್ರ ಅಲ್ಲಿ ನಿಲ್ಲಬಹುದು.

ಕೊಡುವ ಮುಂಚೆ ಡೇಟಾ ಬ್ಯಾಕಪ್ ತೆಗೆದುಕೊಳ್ಳಿ. ಬಿಟ್‌ಲಾಕರ್ (ಡೇಟಾಗೆ ವಿಂಡೋಸ್ ಹಾಕುವ ಬೀಗ) ಚಾಲೂ ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬೋರ್ಡ್ ಬದಲಿಸಿದರೆ ಅದನ್ನು ಕೇಳುತ್ತದೆ, ಆಗ ಹುಡುಕಲು ಹೋಗಬೇಡಿ.

ನನ್ನದನ್ನು ಬಿಚ್ಚಿದ್ದು, ಎರಡು ಸಲ

ನನ್ನ ಲ್ಯಾಪ್‌ಟಾಪಿನ ವಾರಂಟಿ ಎಂದೋ ಮುಗಿದಿತ್ತು. ರವಿವಾರ ಬೆಳಿಗ್ಗೆ ಮೇಜಿನ ಮೇಲೆ ಬಟ್ಟೆ ಹಾಸಿ ಕೂತೆ. ಸ್ಕ್ರೂ ಇಡಲು ಅಡುಗೆಮನೆಯಿಂದ ಹಳೆ ಪಡ್ಡಿನ ಹಂಚು ತಂದೆ. ಇದಕ್ಕಿಂತ ಒಳ್ಳೆ ಸಾಧನ ಇಲ್ಲ. ಒಂದೊಂದು ಕುಳಿಗೆ ಒಂದೊಂದು ಮೂಲೆಯ ಸ್ಕ್ರೂ. ಉದ್ದ ಸ್ಕ್ರೂ ಗಿಡ್ಡ ಜಾಗಕ್ಕೆ ಹಾಕಿದರೆ ಬೋರ್ಡನ್ನೋ ಮೇಲ್ಮೈಯನ್ನೋ ಚುಚ್ಚುತ್ತದೆ.

ಮುಚ್ಚಳ ತೆಗೆದ ಮೇಲೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು, ಆಮೇಲೆ ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿಯುವುದು. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಲ್ಲೇ ನಿಲ್ಲಿಸಿ. ಚುಚ್ಚುವುದು, ಒತ್ತುವುದು ಬೇಡ, ಗೊತ್ತಿದ್ದವರ ಕೈಗೆ ಕೊಡಿ.

ತಾಮ್ರದ ತಗಡಿನ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಸಣ್ಣ ಅಂಕಿ ಇರುತ್ತದೆ. ಬಿಚ್ಚುವಾಗ ಉಲ್ಟಾ, 4ರಿಂದ 1. ಒಂದನ್ನೇ ಪೂರ್ತಿ ತೆಗೆಯದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸಡಿಲಿಸುತ್ತಾ ಬರಬೇಕು. ತಗಡು ಎತ್ತಿದಾಗ ಪೇಸ್ಟ್ ಒಣಗಿದ ಸುಣ್ಣದ ಹಾಗೆ ಪುಡಿಪುಡಿಯಾಗಿ ಉದುರಿತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ, ಶೇಕಡಾ 99ರದ್ದು. ಸ್ಯಾನಿಟೈಸರ್ ನಡೆಯುವುದಿಲ್ಲ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತದೆ. ಹೊಸ ಪೇಸ್ಟ್ ಒಂದು ತೊಗರಿಬೇಳೆಯಷ್ಟು ಇಟ್ಟು, ಪ್ರೊಸೆಸರಿನ ಹೊಳೆಯುವ ಮುಖ ಪೂರ್ತಿ ಮುಚ್ಚುವಂತೆ ತೆಳ್ಳಗೆ ಸವರಿದೆ. ಲಿಕ್ವಿಡ್ ಮೆಟಲ್ ಅಂತ ಸಿಗುತ್ತದೆ, ಅದರ ಆಸೆ ಬೇಡ. ಅದರಲ್ಲಿ ಗ್ಯಾಲಿಯಂ ಇದೆ, ಅಲ್ಯೂಮಿನಿಯಂ ತಿನ್ನುತ್ತದೆ. ಒಂದು ಹನಿ ಬೋರ್ಡಿಗೆ ಬಿದ್ದರೆ ಶಾರ್ಟ್.

ಮುಚ್ಚಿ ಚಾಲೂ ಮಾಡಿದೆ. ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ನಾಲ್ಕು ಭಾಗ, ಅಂದರೆ ಕೋರ್, ಇವೆ. ಮೂರು ಕೋರ್ 74 ಡಿಗ್ರಿ, ಒಂದು ಕೋರ್ 96!

ಈ ಅಂತರ ಕಂಡರೆ ಪೇಸ್ಟನ್ನು ಬೈಯಬೇಡಿ. ಕೋರ್‌ಗಳ ನಡುವೆ ಐದು ಎಂಟು ಡಿಗ್ರಿ ವ್ಯತ್ಯಾಸ ಮಾಮೂಲು, ಇಪ್ಪತ್ತಾದರೆ ತಗಡು ಒಂದು ಮಗ್ಗುಲಿಗೆ ಎದ್ದಿದೆ ಅಂತ ಅರ್ಥ. ಮತ್ತೆ ಬಿಚ್ಚಿದೆ. ಪಕ್ಕದ ಚಿಪ್ಪಿನ ಮೇಲಿನ ಥರ್ಮಲ್ ಪ್ಯಾಡ್, ಅದೇ ಬೂದು ಬಣ್ಣದ ಮೆತ್ತನೆ ರಬ್ಬರ್ ತುಂಡು, ಅಂಚಿನಲ್ಲಿ ಚಪಾತಿಯ ಹಾಗೆ ಮಡಚಿಕೊಂಡಿತ್ತು. ಅರ್ಧ ಮಿಲಿಮೀಟರ್ ಪ್ಯಾಡ್ ಮಡಚಿ ಒಂದು ಮಿಲಿಮೀಟರ್ ಆಗಿತ್ತು, ತಗಡು ಅಷ್ಟೇ ಮೇಲೆದ್ದಿತ್ತು. ಬಿಡಿಸಿ, ಪೇಸ್ಟ್ ಹೊಸದಾಗಿ ಹಚ್ಚಿ, ಈ ಸಲ ಅಂಕಿಯ ಪ್ರಕಾರ 1ರಿಂದ 4, ಸ್ವಲ್ಪ ಸ್ವಲ್ಪ ಬಿಗಿದೆ. ನಾಲ್ಕೂ ಕೋರ್ 71ರಿಂದ 76. ಪ್ಯಾಡ್ ಹರಿದರೆ ಅದೇ ದಪ್ಪದ್ದೇ ತರಬೇಕು. ಅದರ ಜಾಗಕ್ಕೆ ಪೇಸ್ಟ್ ತುಂಬಿದರೆ ಸಂದು ಮುಚ್ಚುವುದಿಲ್ಲ.

ಮಾಮಾನ ಲ್ಯಾಪ್‌ಟಾಪ್ ಈಗ ಗಲ್ಲೆಯ ಪಕ್ಕ ಗೋಡೆಗೆ ಹಾಕಿದ ಹಲಗೆಯ ಮೇಲಿದೆ, ಚೀಲ ಸುರಿಯುವ ಜಾಗದಿಂದ ದೂರ, ಕೆಳಗೆ ಗಾಳಿ ಆಡಲು ಎರಡು ಮರದ ಪಟ್ಟಿ. ಫೆಬ್ರವರಿಗೆ ವಾರಂಟಿ ಮುಗಿಯುತ್ತದೆ. ಜನವರಿ ಕೊನೆಗೆ ಕಂಪನಿಯ ಪರೀಕ್ಷೆ ಇನ್ನೊಮ್ಮೆ ಓಡಿಸಲು ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ. ಏನಾದರೂ ಫೇಲ್ ಅಂತ ಬಂದರೆ ಅದೇ ವಾರ ಹುಬ್ಬಳ್ಳಿಗೆ ತರಬೇಕು. ಮಾರ್ಚ್‌ನಲ್ಲಿ ಬಂದರೆ ಪಡ್ಡಿನ ಹಂಚು ತೆಗೆಯೋದೇ.